ಅರ್ಧ ನಿಮಿಷಕ್ಕೆ ಕಟ್ ಆಗುವ ಆಫೀಸ್ ಫೋನ್

ಪ್ರಶ್ನೆ: ನಮ್ಮ ಕಾರ್ಖಾನೆ ಪೀಣ್ಯದಲ್ಲಿದೆ, ಅಕೌಂಟ್ಸ್ ಆಫೀಸು ಜಯನಗರದಲ್ಲಿ. ಎರಡೂ ಕಡೆ ಅಸ್ಟೆರಿಸ್ಕ್ ಪಿಬಿಎಕ್ಸ್ (ಆಫೀಸಿನ ಫೋನ್ ಕರೆಗಳನ್ನು ಜೋಡಿಸುವ ಯಂತ್ರ) ಇದೆ. ಇಂಟರ್ನೆಟ್ ಮೇಲೆ ಸಿಪ್ ಟ್ರಂಕ್ (ನೆಟ್ ಮೂಲಕ ಕರೆ ಸಾಗಿಸುವ ಕೊಂಡಿ) ಹಾಕಿ ಎರಡನ್ನೂ ಜೋಡಿಸಿದ್ದೇವೆ. ಹೋದ ತಿಂಗಳು ಜಯನಗರದ ಇಂಟರ್ನೆಟ್ ಲೈನ್ ಬದಲಿಸಿದೆವು, ಪೀಣ್ಯದ ಟ್ರಂಕ್‌ನಲ್ಲಿ ಅದರ ಹೊಸ ಐಪಿ (ಇಂಟರ್ನೆಟ್ ವಿಳಾಸ) ಹಾಕಿದೆವು. ಅಲ್ಲಿಂದ ಶುರು. ಪೀಣ್ಯದಿಂದ ಮಾಡಿದ ಕರೆ ಅರ್ಧ ನಿಮಿಷ ಚೆನ್ನಾಗಿರುತ್ತದೆ, ಆಮೇಲೆ ತಟ್ಟನೆ ಕಟ್. ಜಯನಗರದಿಂದ ಮಾಡಿದರೆ ಹಾಗಾಗಲ್ಲ. ಲೈನ್ ಕೊಟ್ಟವರು ‘ನೆಟ್ ಸರಿ ಇದೆ’ ಅಂತಾರೆ.

ಉತ್ತರ: ಅವರು ಹೇಳುವುದು ನಿಜವೇ ಇರಬಹುದು. ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಹಾಕಿ, ಫೋನ್ ಎತ್ತಿದ ಕ್ಷಣದಿಂದ ಎಣಿಸಿ. ನಾಲ್ಕೈದು ಸಲವೂ 32 ಸೆಕೆಂಡಿಗೇ ಕಟ್ ಆದರೆ ನೆಟ್ ಅನ್ನು ಬೈಯಬೇಡಿ. ನೆಟ್ ಕೆಟ್ಟಿದ್ದರೆ ಕರೆ ಒಮ್ಮೆ 10 ಸೆಕೆಂಡಿಗೆ, ಇನ್ನೊಮ್ಮೆ 3 ನಿಮಿಷಕ್ಕೆ ಬೀಳುತ್ತದೆ. ಗಡಿಯಾರ ನೋಡಿಕೊಂಡು ಬೀಳುವುದಿಲ್ಲ ಅಲ್ವಾ?

32 ಎಲ್ಲಿಂದ ಬಂತು? ಪೀಣ್ಯದ ಯಂತ್ರ ‘ಇನ್ವೈಟ್’ ಎಂಬ ಕರೆಯೋಲೆ ಕಳಿಸುತ್ತದೆ. ಜಯನಗರದಲ್ಲಿ ಫೋನ್ ಎತ್ತಿದಾಗ ಅಲ್ಲಿನ ಯಂತ್ರ ‘200 ಓಕೆ’ ಅನ್ನುತ್ತದೆ. ಅದಕ್ಕೆ ಪೀಣ್ಯದಿಂದ ‘ಆ್ಯಕ್’ ಎಂಬ ರಸೀದಿ ಬರಬೇಕು. ಬರದಿದ್ದರೆ ಜಯನಗರ ಅರ್ಧ ಸೆಕೆಂಡ್ ಬಿಟ್ಟು ಮತ್ತೆ ‘ಓಕೆ’ ಅನ್ನುತ್ತದೆ, ಆಮೇಲೆ 1, 2, 4 ಸೆಕೆಂಡ್ ಬಿಟ್ಟು ಬಿಟ್ಟು. ಸಿಪ್‌ನ ನಿಯಮದಲ್ಲಿ ಅರ್ಧ ಸೆಕೆಂಡಿನ 64 ಪಟ್ಟು ಕಾಯಬೇಕು. ಅದೇ 32. ಆಗಲೂ ರಸೀದಿ ಇಲ್ಲದಿದ್ದರೆ ‘ಬೈ’ ಹೇಳಿ ಇಟ್ಟುಬಿಡುತ್ತದೆ. ನೀವು ಅಷ್ಟೂ ಹೊತ್ತು ಜಿಎಸ್‌ಟಿ ಲೆಕ್ಕ ಮಾತಾಡುತ್ತಿರುತ್ತೀರಿ. ಧ್ವನಿ ಬೇರೆ ದಾರಿಯಲ್ಲಿ ಹೋಗುವುದರಿಂದ ನಿಮಗೆ ಏನೂ ಗೊತ್ತಾಗುವುದಿಲ್ಲ.

ರಸೀದಿ ಏಕೆ ತಲುಪುತ್ತಿಲ್ಲ? ‘200 ಓಕೆ’ ಒಳಗೆ ‘ಕಾಂಟ್ಯಾಕ್ಟ್’ ಎಂಬ ಸಾಲಿದೆ. ಪೀಣ್ಯ ಆ ವಿಳಾಸಕ್ಕೇ ಆ್ಯಕ್ ಕಳಿಸುತ್ತದೆ. ನನ್ನ ಊಹೆ: ಜಯನಗರದ ಯಂತ್ರ ಇನ್ನೂ ಹಳೆಯ ಐಪಿಯನ್ನೇ ತನ್ನ ವಿಳಾಸ ಅಂತ ಬರೆಯುತ್ತಿದೆ. ಹೊಸ ಐಪಿಯನ್ನು ನೀವು ಪೀಣ್ಯಕ್ಕೆ ಹೇಳಿದಿರಿ, ಜಯನಗರಕ್ಕೇ ಹೇಳಲಿಲ್ಲ. ರಾಜಾಜಿನಗರದ ಒಂದು ಆಫೀಸಿನಲ್ಲಿ ಆ ಸಾಲಿನಲ್ಲಿ 192.168 ಸರಣಿಯ ಒಳವಿಳಾಸ ಇತ್ತು. ಅವರಿಗೆ ಕರೆ ಮಾಡುತ್ತಿದ್ದ ಬ್ರಾಂಚ್‌ನಲ್ಲಿ ಅದೇ ವಿಳಾಸ ಒಂದು ಪ್ರಿಂಟರಿಗೆ ಇತ್ತು. ರಸೀದಿಗಳೆಲ್ಲ ಪ್ರಿಂಟರಿಗೆ ಹೋಗುತ್ತಿದ್ದವು, ಪಾಪ!

ಇನ್ನೊಂದು ಪರೀಕ್ಷೆ. ಜಯನಗರದಿಂದ ಕರೆ ಮಾಡಿ, ಪೀಣ್ಯದವರು ಮೊದಲು ಫೋನ್ ಇಡಲಿ. ಜಯನಗರದಲ್ಲಿ ಕರೆ ಸುಮ್ನೆ ನಡೆಯುತ್ತಲೇ ಇದ್ದರೆ ಕಾರಣ ಅದೇ, ಪೀಣ್ಯದ ‘ಬೈ’ ಕೂಡ ಹಳೇ ಮನೆಗೆ ಹೋಗಿದೆ. ಕಣ್ಣಾರೆ ನೋಡಬೇಕೆಂದರೆ ಜಯನಗರದ ಸರ್ವರ್‌ನಲ್ಲಿ ಸಿಪ್ ಸಂದೇಶಗಳನ್ನು ತೋರಿಸುವ ‘ಎಸ್‌ಎನ್‌ಗ್ರೆಪ್’ ಪ್ರೋಗ್ರಾಂ ಓಡಿಸಿ. ‘200 ಓಕೆ’ ಸಾಲುಸಾಲಾಗಿ ಕಾಣುತ್ತದೆ. ಒಂದನ್ನು ತೆರೆದು ಕಾಂಟ್ಯಾಕ್ಟ್ ಓದಿ.

ಜಯನಗರದ ಪಿಬಿಎಕ್ಸ್‌ನಲ್ಲಿ ಎಕ್ಸ್‌ಟರ್ನಲ್ ಅಡ್ರೆಸ್‌ಗೆ (ಹೊರಗಿನವರಿಗೆ ಹೇಳುವ ವಿಳಾಸ) ಹೊಸ ಐಪಿ ಹಾಕಿ, ಲೋಕಲ್ ನೆಟ್‌ವರ್ಕ್ (ಆಫೀಸಿನ ಒಳವಿಳಾಸಗಳು) ಸರಿಯಾಗಿದೆಯಾ ನೋಡಿ. ಅಸ್ಟೆರಿಸ್ಕ್‌ನಲ್ಲಿ ಸಿಪ್ ನೋಡಿಕೊಳ್ಳಲು ಪಿಜೆಸಿಪ್ ಬಳಸುತ್ತಿದ್ದರೆ ರೀಲೋಡ್ ಸಾಮಾನ್ಯವಾಗಿ ಸಾಲದು, ಅಸ್ಟೆರಿಸ್ಕ್ ರೀಸ್ಟಾರ್ಟ್ ಮಾಡಬೇಕು. ತುಂಬಾ ಜನ ಇಲ್ಲೇ ಎಡವುತ್ತಾರೆ. ಹೊಸ ರೂಟರ್‌ನಲ್ಲಿ ‘ಸಿಪ್ ಎಎಲ್‌ಜಿ’ ಆನ್ ಇದ್ದರೆ ಆಫ್ ಮಾಡಿ. ಸಹಾಯ ಮಾಡುತ್ತೇನೆ ಅಂತ ವಿಳಾಸ ತಿದ್ದಿ ಕೆಡಿಸುವುದೇ ಜಾಸ್ತಿ. ಹೊಸ ಐಪಿ ಸ್ಟ್ಯಾಟಿಕ್ (ಬದಲಾಗದ್ದು) ಅಂತ ಖಚಿತ ಮಾಡಿಕೊಳ್ಳಿ. ಇಲ್ಲದಿದ್ದರೆ ಕರೆಂಟ್ ಹೋಗಿ ರೂಟರ್ ಆಫ್ ಆದ ದಿನ ಮತ್ತೆ ಇದೇ ಕತೆ.

ಪ್ರಶ್ನೆ: ನಮ್ಮ ಬೊಮ್ಮಸಂದ್ರದ ಬ್ರಾಂಚ್‌ಗೆ ಅಲ್ಲಿನ 215ರ ಮುಂದೆ 8 ಸೇರಿಸಿ 8215 ಒತ್ತಿದರೆ ರಿಂಗೇ ಆಗದೆ ಎಂಗೇಜ್ ಟೋನ್ ಬರುತ್ತದೆ. ಅಲ್ಲಿನವರ ಫೋನ್ ಖಾಲಿ ಇರುತ್ತದೆ.

ಉತ್ತರ: ಲಾಗ್‌ನಲ್ಲಿ ತಿರಸ್ಕಾರದ ನಂಬರ್ ನೋಡಿ. 404 ಇದ್ದರೆ ನಿಮ್ಮ ಪಿಬಿಎಕ್ಸ್ 8 ಅನ್ನು ಕತ್ತರಿಸದೆ ಕಳಿಸುತ್ತಿದೆ. ಅಲ್ಲಿ 215 ಇದೆ, 8215 ಇಲ್ಲ. ಔಟ್‌ಬೌಂಡ್ ರೂಟ್‌ನಲ್ಲಿ (ಹೊರಹೋಗುವ ಕರೆಗಳ ನಿಯಮ) 8 ಅನ್ನು ‘ಪ್ರಿಫಿಕ್ಸ್’ ಜಾಗದಲ್ಲಿ ಬರೆಯಿರಿ, ಕಳಿಸುವಾಗ ಅದು ಉದುರಿಹೋಗುತ್ತದೆ. 488 ಇದ್ದರೆ ಕೋಡೆಕ್ (ಧ್ವನಿಯನ್ನು ಡೇಟಾ ಮಾಡುವ ವಿಧಾನ) ಹೊಂದುತ್ತಿಲ್ಲ. ಒಂದು ಕಡೆ ಜಿ.729 ಮಾತ್ರ, ಇನ್ನೊಂದು ಕಡೆ ಜಿ.711 ಮಾತ್ರ ಇರಬಹುದು. ಎರಡೂ ಕಡೆ ಜಿ.711 ಎ-ಲಾ ಸೇರಿಸಿ.