ರಿಪೇರಿಗೆ ಬಿಟ್ಟು ಹೋದ ಗಾಡಿಗಳಿಗೆ ಜಾಗದ ಬಾಡಿಗೆ ಹಾಕಬಹುದಾ?

ನಿಮ್ಮ ಪ್ರಶ್ನೆ ಇಷ್ಟು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಿಮ್ಮದೊಂದು ಸಣ್ಣ ವರ್ಕ್‌ಶಾಪ್. ಮೂರು ಗಾಡಿ ತಿಂಗಳುಗಟ್ಟಲೆ ನಿಂತಿವೆ. ಒಂದು ಕಾರು, ಕೆಲಸ ಮುಗಿದಿದೆ, ಓನರ್ ಗಲ್ಫಿನಲ್ಲಿ. ಒಂದು ಬೈಕು, ಇಂಜಿನ್ ಬಿಚ್ಚಿ ಎಸ್ಟಿಮೇಟ್ ಹೇಳಿದ ಮೇಲೆ ಆಸಾಮಿ ಫೋನೇ ಎತ್ತುತ್ತಿಲ್ಲ. ಇನ್ನೊಂದು ಆಟೊ, ಅದರ ಜನ ಊರಲ್ಲೇ ಇದ್ದಾರೆ, ದುಡ್ಡು ಮಾತ್ರ ನಾಳೆ ನಾಳೆ. ಇವುಗಳಿಗೆ ದಿನಕ್ಕೆ 200 ರೂಪಾಯಿ ಬಾಡಿಗೆ ಹಾಕಬಹುದಾ, ಕೊಡದಿದ್ದರೆ ಗಾಡಿ ಮಾರಬಹುದಾ ಅಂತ ಕೇಳಿದ್ದೀರಿ.

ಮಾರುವ ಹಾಗಿಲ್ಲ. ಬಾಡಿಗೆ ಹಾಕಬಹುದು, ಆದರೆ ಗಾಡಿ ಒಳಗೆ ತೆಗೆದುಕೊಳ್ಳುವಾಗಲೇ ಹೇಳಿ ಸಹಿ ಹಾಕಿಸಿಕೊಂಡಿದ್ದರೆ ಮಾತ್ರ. ಈಗ ನಿಂತಿರುವ ಮೂರಕ್ಕೆ ಹಿಂದಿನ ತಿಂಗಳುಗಳ ಲೆಕ್ಕ ಹಾಕಿ ಬಿಲ್ ಮಾಡಿದರೆ ಅದು ನಿಲ್ಲುವುದಿಲ್ಲ.

ನಾನು ಕುಂಬಳೆ ಕಡೆ ವರ್ಕ್‌ಶಾಪ್ ನಡೆಸುವವನು, ವಕೀಲ ಅಲ್ಲ. ಆದರೆ ಈ ತಲೆನೋವು ನಮ್ಮ ಕೆಲಸದ ಜೊತೆಗೇ ಬರುವಂಥದ್ದು. ಅದಕ್ಕೇ ವಕೀಲರ ಹತ್ತಿರ ಕೂತು ಸರಿಯಾಗಿ ತಿಳಿದುಕೊಂಡಿದ್ದೇನೆ.

ಮೊದಲು ನಿಮ್ಮ ಹಕ್ಕು ಯಾವುದು ಅಂತ ನೋಡಿ. 1872ರ ಕಾಂಟ್ರಾಕ್ಟ್ ಆಕ್ಟಿನಲ್ಲಿ ಸೆಕ್ಷನ್ 170 ಅಂತ ಇದೆ. ಒಂದು ವಸ್ತುವಿನ ಮೇಲೆ ನೀವು ದುಡಿದಿದ್ದರೆ, ನಿಮ್ಮ ಕೈಕೆಲಸ ಹಾಕಿದ್ದರೆ, ಆ ಕೆಲಸದ ದುಡ್ಡು ಬರುವವರೆಗೆ ವಸ್ತುವನ್ನು ಕೊಡದೆ ಇಟ್ಟುಕೊಳ್ಳಬಹುದು. ಇದಕ್ಕೆ ಬೇರೆ ಪತ್ರ ಬೇಡ, ಕಾನೂನೇ ಕೊಟ್ಟ ಹಕ್ಕು. ಗಾಡಿ ಗೇಟು ದಾಟಿತೋ, ಆ ಹಕ್ಕು ಹೋಯಿತು. ಆಮೇಲೆ ಉಳಿಯುವುದು ಬರೀ ಸಾಲ.

ಆದರೆ ಈ ಹಕ್ಕು ಇರುವುದು ಕೆಲಸದ ದುಡ್ಡಿಗೆ. ಗಾಡಿ ನಿಂತ ಜಾಗಕ್ಕಲ್ಲ. ಇದು ಇವತ್ತಿನ ಜಗಳವೂ ಅಲ್ಲ. 1860ರಲ್ಲಿ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್ ಮುಂದೆ ಇದೇ ಪ್ರಶ್ನೆ ಬಂದಿತ್ತು. ಹಡಗು ರಿಪೇರಿ ಮಾಡಿದವರು ಬಿಲ್ ಬರುವವರೆಗೆ ಹಡಗನ್ನು ತಮ್ಮ ಡಾಕಿನಲ್ಲೇ ಇಟ್ಟುಕೊಂಡರು, ಆ ದಿನಗಳಿಗೂ ಬಾಡಿಗೆ ಕೇಳಿದರು. ಸಿಗಲಿಲ್ಲ. ನೀವು ಹಡಗು ಇಟ್ಟುಕೊಂಡದ್ದು ನಿಮ್ಮ ಸಾಲದ ಭದ್ರತೆಗೆ, ಅದರ ಖರ್ಚನ್ನು ಅವರ ತಲೆಗೆ ಹೇಗೆ ಕಟ್ಟುತ್ತೀರಿ ಅನ್ನುವುದು ಅಲ್ಲಿನ ವಾದ. ಹಡಗಿಗೇ ಸಿಗದ್ದು ಆಟೊಗೆ ಎಲ್ಲಿಂದ ಸಿಗಬೇಕು?

ಇಲ್ಲಿ ಒಂದು ಅಪಾಯ ಇದೆ, ತುಂಬಾ ಜನ ಗಮನಿಸುವುದಿಲ್ಲ. ಗಿರಾಕಿ ಒಂದು ದಿನ ಬಂದು ರಿಪೇರಿ ಬಿಲ್ಲಿನ 9,000 ರೂಪಾಯಿ ಟೇಬಲ್ ಮೇಲೆ ಇಟ್ಟ ಅಂದುಕೊಳ್ಳಿ. ನೀವು "ಬಾಡಿಗೆ 12,000 ಆಗಿದೆ, ಅದೂ ಕೊಟ್ಟರೆ ಮಾತ್ರ ಕೀ" ಅಂದಿರಿ. ಬಾಡಿಗೆಗೆ ಅವನ ಒಪ್ಪಿಗೆ ಎಲ್ಲೂ ಇಲ್ಲ. ಆ ಗಳಿಗೆಯಿಂದ ತಪ್ಪು ನಿಮ್ಮ ಕಡೆಗೆ ತಿರುಗುತ್ತದೆ. ಕೊಡಬೇಕಾದ ಹೊತ್ತಿಗೆ ಕೊಡದೆ ಇಟ್ಟುಕೊಂಡ ವಸ್ತು ಹಾಳಾದರೆ ಇಟ್ಟುಕೊಂಡವನೇ ಹೊಣೆ ಅಂತ ಅದೇ ಕಾಯ್ದೆಯ ಸೆಕ್ಷನ್ 161 ಹೇಳುತ್ತದೆ. ಮರುದಿನ ತೆಂಗಿನಕಾಯಿ ಬಿದ್ದು ಮುಂದಿನ ಗ್ಲಾಸ್ ಒಡೆದರೆ ಅದು ನಿಮ್ಮ ಲೆಕ್ಕ. ಮೇಲಿಂದ ಅವನು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ವಕೀಲರು ಬೇಕಂತಿಲ್ಲ, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಫೀಸೂ ಇಲ್ಲ.

ಹಾಗಾಗಿ ಎಲ್ಲ ಇರುವುದು ಜಾಬ್ ಕಾರ್ಡಿನಲ್ಲಿ, ಅಂದರೆ ಗಾಡಿ ಒಳಗೆ ತೆಗೆದುಕೊಳ್ಳುವಾಗ ಬರೆದು ಗಿರಾಕಿಯ ಸಹಿ ಹಾಕಿಸಿಕೊಳ್ಳುವ ಚೀಟಿಯಲ್ಲಿ. ನಮ್ಮ ಕಡೆ ಸಣ್ಣ ವರ್ಕ್‌ಶಾಪಿನಲ್ಲಿ ಜಾಬ್ ಕಾರ್ಡ್ ಬರೆಯುವವರು ಕಡಿಮೆ. ಬರುವವರೆಲ್ಲ ಪರಿಚಯದವರು, ಒಬ್ಬ ಶಾಲೆಯ ಜೊತೆಗಾರ, ಇನ್ನೊಬ್ಬ ಸಂಬಂಧದಲ್ಲಿ ಭಾವ. ಸಹಿ ಹಾಕಿ ಅಂದರೆ "ಎಂತ ಮಾರಾಯ್ರೆ, ನಂಬಿಕೆ ಇಲ್ವಾ" ಅಂತ ಮುಖ ಸಣ್ಣ ಮಾಡುತ್ತಾರೆ. ಇದಕ್ಕೆ ನಾನು ಮಾಡುವುದು ಸುಲಭ: ಯಾರಿಗೂ ವಿನಾಯಿತಿ ಇಲ್ಲ, ನನ್ನ ಸ್ವಂತ ಅಣ್ಣನ ಗಾಡಿಗೂ ಕಾರ್ಡ್ ಇದೆ. ಎಲ್ಲರಿಗೂ ಒಂದೇ ಅಂತ ಗೊತ್ತಾದರೆ ಯಾರೂ ಬೇಜಾರು ಮಾಡುವುದಿಲ್ಲ.

ಕಾರ್ಡಿನಲ್ಲಿ ಒಂದು ಬದಿ ಕನ್ನಡ, ಇನ್ನೊಂದು ಬದಿ ಮಲಯಾಳ. ಗಿರಾಕಿಗೆ ಓದಲು ಬರುವ ಭಾಷೆಯಲ್ಲೇ ಇರಬೇಕು. ಇಲ್ಲದಿದ್ದರೆ ನಾಳೆ "ಏನಿತ್ತೋ ನನಗೆ ಗೊತ್ತಿಲ್ಲ" ಅನ್ನಲು ದಾರಿ ಸಿಗುತ್ತದೆ. ನನ್ನ ಕಾರ್ಡಿನ ಸಾಲುಗಳು ಹೀಗಿವೆ: "ಕೆಲಸ ಮುಗಿದಿದೆ ಎಂದು ತಿಳಿಸಿದ 7 ದಿನದೊಳಗೆ ಬಿಲ್ ಕೊಟ್ಟು ಗಾಡಿ ಒಯ್ಯಬೇಕು. ಎಸ್ಟಿಮೇಟ್ ತಿಳಿಸಿದ 7 ದಿನದೊಳಗೆ ಬೇಕು ಅಥವಾ ಬೇಡ ಎಂದು ಹೇಳಬೇಕು. ಬೇಡವಾದರೆ ಬಿಚ್ಚಿದ ಕೂಲಿ ಕೊಟ್ಟು ಗಾಡಿ ಒಯ್ಯಬೇಕು. ಈ ದಿನಗಳು ಕಳೆದ ಮೇಲೆ ಜಾಗದ ಬಾಡಿಗೆ ದಿನಕ್ಕೆ ಬೈಕಿಗೆ 30, ಆಟೊಗೆ 60, ಕಾರಿಗೆ 100 ರೂಪಾಯಿ. ರಿಪೇರಿ ಹಣ ಮತ್ತು ಬಾಡಿಗೆ ಎರಡೂ ಸಂದಾಯವಾಗುವವರೆಗೆ ಗಾಡಿ ಇಟ್ಟುಕೊಳ್ಳಲು ನನ್ನ ಒಪ್ಪಿಗೆ ಇದೆ." ಕೊನೆಯ ಸಾಲು ಬಿಡಬೇಡಿ. ಬಾಡಿಗೆಗಾಗಿ ಗಾಡಿ ಹಿಡಿದಿಟ್ಟುಕೊಳ್ಳುವ ಬಲ ಬರುವುದು ಆ ಸಾಲಿನಿಂದ.

ಎಸ್ಟಿಮೇಟಿನ ಸಾಲು ಅದಕ್ಕಿಂತಲೂ ಮುಖ್ಯ ಅಂತ ನನ್ನ ಅಭಿಪ್ರಾಯ. ಕೆಲಸ ಮುಗಿದ ಗಾಡಿ ಬಿಟ್ಟು ಹೋಗುವವರು ಕಡಿಮೆ. ಬಿಟ್ಟು ಹೋಗುವುದು ಹೆಚ್ಚಾಗಿ ಎಸ್ಟಿಮೇಟ್ ಕೇಳಿದವರು. ಹಳೇ ಕಾರು, ಮಾರಿದರೆ 40,000 ಬರಬಹುದು, ಇಂಜಿನ್ ಕೆಲಸಕ್ಕೆ 35,000 ಅಂದರೆ ಯಾರಾದರೂ ಯಾಕೆ ಮಾಡಿಸುತ್ತಾರೆ? ಬೇಡ ಅನ್ನಲು ಸಂಕೋಚ, ಒಯ್ಯಲು ಟೋಯಿಂಗ್ ಖರ್ಚು. ಸುಮ್ನೆ ಇದ್ದುಬಿಡುತ್ತಾರೆ. ಅಂಥವರಿಗೆ "ಬೇಡ ಅಂತ ಹೇಳಿ, ಪರವಾಗಿಲ್ಲ, ಗಾಡಿ ಹೀಗೇ ಮಾರುವುದಾದರೆ ನನಗೆ ಗೊತ್ತಿರುವ ಪಾರ್ಟಿ ಇದ್ದಾರೆ" ಅಂತ ನೀವೇ ಬಾಗಿಲು ತೆರೆದು ಕೊಟ್ಟರೆ ಅರ್ಧ ಜನ ಬರುತ್ತಾರೆ. ಪಾರ್ಟ್ಸ್ ತರಿಸುವ ಮೊದಲು ಅದರ ದುಡ್ಡು ಅಡ್ವಾನ್ಸ್ ತೆಗೆದುಕೊಳ್ಳಿ. ಅಡ್ವಾನ್ಸ್ ಕೊಟ್ಟವನು ಗಾಡಿ ಮರೆಯುವುದಿಲ್ಲ.

ರೇಟು ಎಷ್ಟಿರಬೇಕು? ನೀವು ಹೇಳಿದ ದಿನಕ್ಕೆ 200 ಬೈಕಿಗೂ ಆಟೊಗೂ ಜಾಸ್ತಿ. ಒಪ್ಪಂದದಲ್ಲಿ ಬರೆದಿದ್ದರೂ ದಂಡದಂತೆ ಕಂಡರೆ ಕೋರ್ಟು ಸಮಂಜಸ ಅನ್ನಿಸಿದಷ್ಟು ಮಾತ್ರ ಕೊಡಿಸುತ್ತದೆ, ಕಾಂಟ್ರಾಕ್ಟ್ ಆಕ್ಟಿನ ಸೆಕ್ಷನ್ 74 ಇರುವುದೇ ಅದಕ್ಕೆ. 2019ರ ಗ್ರಾಹಕ ಕಾಯ್ದೆಯಲ್ಲೂ ಅನ್ಯಾಯದ ಕರಾರು ಅಂತ ಒಂದು ಭಾಗ ಇದೆ. ನಿಮ್ಮ ಶೆಡ್ಡಿನ ತಿಂಗಳ ಬಾಡಿಗೆಯನ್ನು ಅಲ್ಲಿ ನಿಲ್ಲಿಸಬಹುದಾದ ಗಾಡಿಗಳ ಲೆಕ್ಕಕ್ಕೆ ಹಂಚಿ ನೋಡಿ. ಆ ಲೆಕ್ಕದ ಚೀಟಿ ಇಟ್ಟುಕೊಳ್ಳಿ, ಯಾರಾದರೂ ಕೇಳಿದರೆ ತೋರಿಸಲು ಬರುತ್ತದೆ. ಹೆದ್ದಾರಿ 66 ಆರು ಪಥ ಆದ ಮೇಲೆ ನಮ್ಮಂಥವರಿಗೆ ಅಂಗಡಿ ಮುಂದಿನ ಜಾಗವೇ ಇಲ್ಲ, ಒಳಗಿನ ಪ್ರತಿ ಅಡಿಗೂ ಬೆಲೆ ಇದೆ. ಅಂಗಳ ತುಂಬಿತು ಅಂತ ಗಾಡಿಯನ್ನು ರಸ್ತೆ ಬದಿಗೆ ತಳ್ಳಬೇಡಿ. ಸಾರ್ವಜನಿಕ ಜಾಗದಲ್ಲಿ 10 ಗಂಟೆ ಬಿಟ್ಟಿದ್ದರೆ ಪೊಲೀಸರು ಎಳೆದುಕೊಂಡು ಹೋಗಬಹುದು, ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 127. ಆಗ ಗಾಡಿಯೂ ಇಲ್ಲ, ನಿಮ್ಮ ಹಿಡಿತವೂ ಇಲ್ಲ. ಜಿಎಸ್‌ಟಿ ನೋಂದಣಿ ಇದ್ದರೆ ಬಾಡಿಗೆಗೂ 18 ಶೇಕಡಾ ಸೇರಿಸಿಯೇ ಬಿಲ್ ಮಾಡಬೇಕು.

ಬಾಡಿಗೆ ತೆಗೆದುಕೊಳ್ಳುವವನು ಗಾಡಿಯನ್ನು ನೋಡಿಕೊಳ್ಳಲೂಬೇಕು. ತನ್ನದೇ ವಸ್ತುವನ್ನು ನೋಡಿಕೊಳ್ಳುವಷ್ಟು ಜಾಗ್ರತೆ ಅಂತ ಕಾನೂನು ಹೇಳುತ್ತದೆ. ನಮ್ಮ ಮಳೆಗಾಲದಲ್ಲಿ ಅದು ಸಣ್ಣ ಮಾತಲ್ಲ. ಜೂನಿನಲ್ಲಿ ಟಾರ್ಪಾಲು ಹೊದೆಸದೆ ಬಿಟ್ಟ ಗಾಡಿ ಸೆಪ್ಟೆಂಬರಿನಲ್ಲಿ ಒಳಗೆಲ್ಲ ಬೂಷ್ಟು, ಬ್ರೇಕ್ ಹಿಡಿದು ಕೂತಿರುತ್ತದೆ. ಬ್ಯಾಟರಿಯ ನೆಗೆಟಿವ್ ವಯರ್ ಬಿಚ್ಚಿಡಿ. ಬಾನೆಟ್ ಆಗಾಗ ತೆಗೆದು ನೋಡಿ, ವಯರಿಂಗ್ ಅಂದರೆ ಇಲಿಗಳಿಗೆ ಭಾರೀ ಇಷ್ಟ. ಟಯರಿನಲ್ಲಿ, ಹೊದಿಕೆಯ ಮಡಿಕೆಯಲ್ಲಿ ನೀರು ನಿಂತರೆ ಸೊಳ್ಳೆ ಅಂತ ಹೆಲ್ತ್ ಇನ್ಸ್‌ಪೆಕ್ಟರ್ ಬಂದು ನಿಲ್ಲುತ್ತಾರೆ, ನೋಟಿಸ್ ಬರುವುದು ಓನರಿಗಲ್ಲ, ನಿಮಗೆ. ಗಾಡಿ ಬಂದ ದಿನವೇ ನಾಲ್ಕೂ ಬದಿ, ಮೀಟರು, ಟಯರು ಎಲ್ಲ ಫೋಟೊ ತೆಗೆದಿಡಿ. ಮತ್ತೆ, ನಿಂತ ಗಾಡಿಯಿಂದ ಬ್ಯಾಟರಿ ತೆಗೆದು ಬೇರೆಯವರಿಗೆ "ಎರಡು ದಿನಕ್ಕೆ" ಹಾಕಿಕೊಡುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ.

ಮಾರುವ ವಿಷಯಕ್ಕೆ ಬರೋಣ. ಚಿನ್ನ ಅಡವಿಟ್ಟುಕೊಂಡವರಿಗೆ ನೋಟಿಸ್ ಕೊಟ್ಟು ಮಾರುವ ಹಕ್ಕು ಕಾಂಟ್ರಾಕ್ಟ್ ಆಕ್ಟಿನ ಸೆಕ್ಷನ್ 176ರಲ್ಲಿ ಇದೆ. ಬಿದ್ದ ವಸ್ತು ಸಿಕ್ಕಿದವರಿಗೂ ಕೆಲವು ಸಂದರ್ಭಗಳಲ್ಲಿ ಇದೆ. ರಿಪೇರಿ ಮಾಡಿದವರಿಗೆ ಇಲ್ಲ. ಇಟ್ಟುಕೊಳ್ಳಬಹುದು ಅಷ್ಟೇ. ಗುಜರಿಗೆ ಹಾಕಿದರೆ ನಂಬಿ ಕೊಟ್ಟ ವಸ್ತುವನ್ನು ಮಾರಿದ ಕೇಸಾಗುತ್ತದೆ, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು ಸೆಕ್ಷನ್ 316. ಆರ್‌ಸಿ ಬೇರೆಯವರ ಹೆಸರಲ್ಲಿ, ಚಾಸಿಸ್ ನಂಬರ್ ಗುಜರಿಯಲ್ಲಿ. ಆ ಗಾಡಿಗೆ ಬ್ಯಾಂಕ್ ಲೋನ್ ಇದ್ದರಂತೂ ದೊಡ್ಡ ರಗಳೆ.

ಇನ್ನು ನಿಮ್ಮ ಮೂರು ಗಾಡಿ. ಎಲ್ಲಕ್ಕೂ ಮೊದಲು ಆರ್‌ಸಿ ಯಾರ ಹೆಸರಲ್ಲಿದೆ ನೋಡಿ. ನಮ್ಮ ಗಡಿಯಲ್ಲಿ ಕಾಸರಗೋಡಿನ ಕೆಎಲ್ 14ರಷ್ಟೇ ಮಂಗಳೂರಿನ ಕೆಎ 19, ಪುತ್ತೂರಿನ ಕೆಎ 21 ನಂಬರುಗಳೂ ಓಡುತ್ತವೆ. ಮಂಗಳೂರಿನವರು ಪುತ್ತೂರಿನವರಿಗೆ ಮಾರಿ, ಅವರು ಪೆರ್ಲದವರಿಗೆ ಮಾರಿ, ಆರ್‌ಸಿ ಮಾತ್ರ ಇನ್ನೂ ಮಂಗಳೂರಿನವರ ಹೆಸರಲ್ಲೇ ಇರುತ್ತದೆ. ಗಾಡಿ ತಂದುಕೊಟ್ಟವರಿಗೂ ಆರ್‌ಸಿ ಹೆಸರಿನವರಿಗೂ, ಇಬ್ಬರಿಗೂ ಪತ್ರ ಹೋಗಬೇಕು. ತಮ್ಮ ಹೆಸರಿನ ಗಾಡಿ ಎಲ್ಲೋ ನಿಂತಿದೆ ಅಂತ ಗೊತ್ತಾದ ಹಳೇ ಓನರ್, ಕೊಂಡವರನ್ನು ನಿಮಗಿಂತ ಜೋರಾಗಿ ಹುಡುಕುತ್ತಾರೆ.

ಕಾರಿನ ಓನರಿಗೆ ಬಿಲ್ಲಿನ ಫೋಟೊ, ಗಾಡಿಯ ಫೋಟೊ ವಾಟ್ಸಾಪ್ ಮಾಡಿ. "ಮುಂದಿನ ತಿಂಗಳು 1ನೇ ತಾರೀಕಿನಿಂದ ದಿನಕ್ಕೆ 100 ರೂಪಾಯಿ ಜಾಗದ ಬಾಡಿಗೆ, ಒಪ್ಪಿಗೆಯಾ ಅಥವಾ ಅದಕ್ಕೆ ಮೊದಲು ಯಾರನ್ನಾದರೂ ಕಳುಹಿಸುತ್ತೀರಾ" ಅಂತ ಕೇಳಿ. ನೀವು ಸುಮ್ನೆ ತಿಳಿಸಿದರೆ ಸಾಲದು, "ಸರಿ" ಅಂತ ಉತ್ತರ ಬರಬೇಕು. ಬಂದರೆ ಅದೇ ಒಪ್ಪಂದ. ಹೆಚ್ಚಾಗಿ ಏನಾಗುತ್ತದೆ ಅಂದರೆ ಬಾಡಿಗೆ ಅಂದ ಕೂಡಲೇ ಮರುದಿನವೇ ಅವರ ಭಾವನೋ ತಮ್ಮನೋ ಬರುತ್ತಾರೆ. ನನ್ನಲ್ಲಿ ಬಾಡಿಗೆ ಅಂತ ಕೈಗೆ ಸಿಕ್ಕಿದ ದುಡ್ಡು ತೀರಾ ಕಡಿಮೆ, ಗಾಡಿ ಹೋಯಿತಲ್ಲ ಅಂತ ಬಹಳ ಸಲ ಬಿಟ್ಟೇ ಕೊಡುತ್ತೇನೆ. ಬಂದವರ ಕೈಗೆ ಹಾಗೇ ಕೀ ಕೊಡಬೇಡಿ. ಇಂಥವರಿಗೆ ಕೊಡಿ ಅಂತ ಓನರಿಂದ ಮೆಸೇಜ್, ಬಂದವರ ಗುರುತಿನ ಚೀಟಿಯ ಕಾಪಿ, ಸಹಿ, ಮೂರೂ ಬೇಕು. ಅಣ್ಣತಮ್ಮಂದಿರ ಜಗಳದಲ್ಲಿ ನೀವು ಸಿಕ್ಕಿಹಾಕಿಕೊಳ್ಳಬಾರದು. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಬ್ಯಾಂಕಿಗೂ ಒಂದು ಪತ್ರ ಹಾಕಿ.

ಬೈಕಿನದ್ದು ಬೇರೆ. ಅಲ್ಲಿ ಆಗಿರುವ ಕೆಲಸ ಅಂದರೆ ಇಂಜಿನ್ ಬಿಚ್ಚಿದ್ದು ಮಾತ್ರ, ಆ ಕೂಲಿ ಬಿಟ್ಟು ಕೇಳಲು ಏನೂ ಇಲ್ಲ. ಬಿಚ್ಚಿದ ಪಾರ್ಟ್ಸ್ ಒಂದು ಡಬ್ಬದಲ್ಲಿ ಹಾಕಿ ನಂಬರ್ ಬರೆದು ಫೋಟೊ ತೆಗೆಯಿರಿ. ಅಕ್ನಾಲೆಜ್‌ಮೆಂಟ್ ಬರುವ ಹಾಗೆ ಪೋಸ್ಟಿನಲ್ಲಿ ನೋಟಿಸ್ ಕಳುಹಿಸಿ. ವಿಳಾಸಕ್ಕೆ ಯಾರೂ ಇಲ್ಲ ಅಂತ ವಾಪಸ್ ಬಂದರೆ, ಕದ್ದ ಗಾಡಿ ಇರಬಹುದಾ ಅನ್ನುವ ಸಂಶಯಕ್ಕೂ ಉತ್ತರ ಬೇಕಲ್ವಾ, ಸ್ಟೇಷನ್ನಿಗೆ ನಂಬರ್ ಸಮೇತ ಅರ್ಜಿ ಕೊಟ್ಟು ರಸೀದಿ ಪಡೆಯಿರಿ. ಕನ್ನಡದಲ್ಲೇ ಬರೆಯಿರಿ. ಇಲ್ಲಿನ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯುವ ಹಕ್ಕು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇದೆ. ಪೊಲೀಸರು ನಿಮ್ಮ ಬಿಲ್ ವಸೂಲಿ ಮಾಡಿಕೊಡುವುದಿಲ್ಲ, ಅದನ್ನು ನಿರೀಕ್ಷಿಸಬೇಡಿ.

ಆಟೊದವರಿಗೆ ನೋಟಿಸು, ವಾಟ್ಸಾಪು ಯಾವುದೂ ನಾಟುವುದಿಲ್ಲ, ದಿನಾ ಎದುರಿಗೇ ಸಿಗುವವರು. ಅವರ ದುಡಿಮೆಯೇ ಆ ಆಟೊ, ಆದರೂ ಬಿಡಿಸಿಕೊಳ್ಳುತ್ತಿಲ್ಲ ಅಂದರೆ ಕೈಯಲ್ಲಿ ನಿಜವಾಗಿ ದುಡ್ಡಿಲ್ಲ. ಅಲ್ಲಿ ಬಾಡಿಗೆ ಏರಿಸಿದಷ್ಟೂ ಆಟೊ ದೂರ ಹೋಗುತ್ತದೆ. ಕಾಸರಗೋಡಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಡಿ. ಕೇಸು ಹಾಕುವ ಮೊದಲೇ ಲೋಕ ಅದಾಲತಿಗೆ ಕರೆಸುತ್ತಾರೆ, ಕೋರ್ಟ್ ಫೀಸ್ ಇಲ್ಲ. ಅಲ್ಲಿ ಕಂತು ಬರೆದು ಇಬ್ಬರೂ ಸಹಿ ಹಾಕಿದರೆ ಅದಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬೆಲೆ, ಮೇಲೆ ಅಪೀಲೂ ಇಲ್ಲ. ಕಂತು ತಪ್ಪಿದರೆ ಅದನ್ನೇ ಹಿಡಿದು ಕೋರ್ಟಿನ ಮೂಲಕ ಗಾಡಿ ಜಪ್ತಿ ಮಾಡಿಸಿ ಹರಾಜಿಗೆ ಹೋಗಬಹುದು. ತಡ ಮಾಡಬೇಡಿ, ಕೆಲಸದ ದುಡ್ಡಿಗೆ ದಾವೆ ಹಾಕಲು ಇರುವುದು ಕೆಲಸ ಮುಗಿದ ದಿನದಿಂದ 3 ವರ್ಷ. ಒಪ್ಪಂದ ಆದ ಮೇಲೆ ಮೊದಲ ಕಂತು ಕೈಗೆ ಬಂದ ದಿನವೇ ಆಟೊ ಬಿಟ್ಟುಕೊಡುವುದು ಒಳ್ಳೆಯದು ಅಂತ ನನಗೆ ಅನ್ನಿಸುತ್ತದೆ. ಓಡಿದರೆ ತಾನೇ ಎರಡನೇ ಕಂತು ಬರುವುದು.