ಶುಗರ್ ನಿಲ್, ಆಲ್ಬುಮಿನ್ ನಿಲ್: ಅಷ್ಟಕ್ಕೇ ನೆಮ್ಮದಿ ಬೇಡ

ಪ್ರಶ್ನೆ: ಅಮ್ಮನಿಗೆ 56 ವರ್ಷ. ಎಂಟು ವರ್ಷದಿಂದ ಸಕ್ಕರೆ ಕಾಯಿಲೆ (ಟೈಪ್ 2) ಇದೆ. ಯೂರಿನ್ ರಿಪೋರ್ಟ್‌ನಲ್ಲಿ ಶುಗರ್ ನಿಲ್, ಆಲ್ಬುಮಿನ್ ನಿಲ್, ಪಸ್ ಸೆಲ್ಸ್ 8–10, ಎಪಿಥೀಲಿಯಲ್ ಸೆಲ್ಸ್ ತುಂಬಾ ಎಂದು ಬಂದಿದೆ. ಉರಿ, ಜ್ವರ ಏನೂ ಇಲ್ಲ. ಸ್ಯಾಂಪಲ್ ಮನೆಯಲ್ಲೇ ಹಿಡಿದು ಬಸ್ಸಿನಲ್ಲಿ ಒಯ್ದಿದ್ದೆವು. ಇನ್‌ಫೆಕ್ಷನ್‌ಗೆ ಮಾತ್ರೆ ಬೇಕಾ?
– ಓದುಗರು, ತಿಪಟೂರು

ಉತ್ತರ: ಈ ರಿಪೋರ್ಟ್ ಒಂದನ್ನೇ ನಂಬಿ ಆಂಟಿಬಯಾಟಿಕ್ ಕೊಡಬೇಡಿ. ಪಸ್ ಸೆಲ್ಸ್ ಅಂದರೆ ಬಿಳಿ ರಕ್ತಕಣ. 5ರವರೆಗೆ ಇದ್ದರೆ ಸಾಮಾನ್ಯವಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಇಲ್ಲಿ ಸ್ವಲ್ಪ ಜಾಸ್ತಿ ಇದೆ, ನಿಜ. ಆದರೆ ನನ್ನ ಕಣ್ಣು ಹೋಗಿದ್ದು ಎಪಿಥೀಲಿಯಲ್ ಸೆಲ್ಸ್ ಕಡೆಗೆ. ಅವು ಹೆಚ್ಚಾಗಿ ಹೊರಗಿನ ಚರ್ಮದಿಂದ, ಯೋನಿಯಿಂದ ಉದುರಿ ಬಂದವು. ಪಸ್ ಸೆಲ್ಸ್ ಕೂಡ ಅಲ್ಲಿಂದಲೇ ಸೇರಿಕೊಂಡಿರಬಹುದು. ಅದರ ಮೇಲೆ ಬಸ್ಸಿನ ಸೆಕೆ ಬೇರೆ. ಎರಡು ಗಂಟೆ ದಾಟಿದರೆ ಡಬ್ಬಿಯೊಳಗೇ ಬ್ಯಾಕ್ಟೀರಿಯಾ ಬೆಳೆಯುತ್ತವೆ.

ಇನ್ನೊಮ್ಮೆ ಲ್ಯಾಬ್‌ನಲ್ಲೇ ಸ್ಯಾಂಪಲ್ ಕೊಡಿಸಿ. ಅಮ್ಮ ನೀರಿನಲ್ಲಿ ತೊಳೆದುಕೊಂಡು, ಮೊದಲು ಬರುವುದನ್ನು ಬಿಟ್ಟು, ನಡುವಿನದನ್ನು ಮಾತ್ರ ಹಿಡಿಯಲಿ. ಡಬ್ಬಿಯ ಒಳಗೆ ಬೆರಳು ತಾಗಬಾರದು. ಉರಿ, ಚಳಿಜ್ವರ ಶುರುವಾದರೆ ಕಲ್ಚರ್ ಮಾಡಿಸಬೇಕು. ಯಾವ ಔಷಧಕ್ಕೆ ರೋಗಾಣು ಬಗ್ಗುತ್ತದೆ ಅಂತ ಅದರಲ್ಲಿ ತಿಳಿಯುತ್ತದೆ.

ನನಗೆ ಚಿಂತೆ ಇರುವುದು ಆ ಎರಡು ‘ನಿಲ್’ ಬಗ್ಗೆ. ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದ ಮೇಲೆ ತಾನೇ ಮೂತ್ರಕ್ಕೆ ಇಳಿಯುವುದು? 170 ಇದ್ದರೂ ರಿಪೋರ್ಟ್‌ನಲ್ಲಿ ನಿಲ್ ಅಂತಲೇ ಬರಬಹುದು. (ಡಾಪಾಗ್ಲಿಫ್ಲೋಜಿನ್ ಮಾತ್ರೆ ತಗೊಳ್ಳುವವರದ್ದು ಇದಕ್ಕೆ ಉಲ್ಟಾ. ಅದು ಸಕ್ಕರೆಯನ್ನು ಮೂತ್ರದಲ್ಲೇ ಹೊರಗೆ ಹಾಕುವ ಮಾತ್ರೆ. ಶುಗರ್ ಪ್ಲಸ್ ಬಂದರೆ ಗಾಬರಿ ಬೇಡ.)

ಆಲ್ಬುಮಿನ್ ಅಂದರೆ ರಕ್ತದಲ್ಲಿರುವ ಒಂದು ಪ್ರೋಟೀನ್. ಅದರ ಕಥೆಯೂ ಹಾಗೇ. ಲ್ಯಾಬ್‌ನವರು ಬಣ್ಣದ ಚೌಕಗಳಿರುವ ಪಟ್ಟಿಯನ್ನು ಮೂತ್ರದಲ್ಲಿ ಅದ್ದುತ್ತಾರೆ. ಆಲ್ಬುಮಿನ್ ಜಾಸ್ತಿ ಇದ್ದರೆ ಹಳದಿ ಚೌಕ ಹಸಿರಾಗುತ್ತದೆ. ಸಣ್ಣಗೆ ಸೋರುತ್ತಿದ್ದರೆ ಹಳದಿಯಾಗಿಯೇ ಉಳಿಯುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಕಿಡ್ನಿ ಕೆಡಲು ಶುರುವಾಗುವುದು ಹೆಚ್ಚಿನವರಲ್ಲಿ ಈ ಸಣ್ಣ ಸೋರಿಕೆಯಿಂದಲೇ. ಅದನ್ನು ಹಿಡಿಯುವ ಪರೀಕ್ಷೆ ಬೇರೆ ಇದೆ, ಯೂರಿನ್ ಎಸಿಆರ್ (ಮೂತ್ರದ ಆಲ್ಬುಮಿನ್–ಕ್ರಿಯಾಟಿನಿನ್ ಅನುಪಾತ) ಅಂತ. ಕ್ರಿಯಾಟಿನಿನ್ ಅಂದರೆ ಕಿಡ್ನಿ ರಕ್ತದಿಂದ ಸೋಸಿ ಹೊರಹಾಕುವ ಕಸ. 30ಕ್ಕಿಂತ ಕಡಿಮೆ ಇದ್ದರೆ ಸರಿ. 30ರಿಂದ 300ರೊಳಗೆ ಬಂದರೆ ಮೂರರಿಂದ ಆರು ತಿಂಗಳಲ್ಲಿ ಮತ್ತೆ ನೋಡಬೇಕು, ಏಕೆಂದರೆ ಜ್ವರ, ಇನ್‌ಫೆಕ್ಷನ್ ಇದ್ದಾಗಲೂ ಅದು ಏರುತ್ತದೆ. ಆಗಲೂ ಜಾಸ್ತಿಯೇ ಇದ್ದರೆ ಸೋರಿಕೆ ತಗ್ಗಿಸುವ ಔಷಧಗಳಿವೆ.

ಇದನ್ನು ವರ್ಷಕ್ಕೊಮ್ಮೆ ಮಾಡಿಸಲೇಬೇಕು. ‘ರಕ್ತದಲ್ಲಿ ಕ್ರಿಯಾಟಿನಿನ್ ಸರಿಯಾಗಿದೆಯಲ್ಲ’ ಅಂತ ಬಿಡಬೇಡಿ, ಅದು ಏರುವುದು ತಡವಾಗಿ. ಮುಂದಿನ ಸಲ ಡಾಕ್ಟರ್ ಹತ್ತಿರ ಹೋಗುವಾಗ ಚೀಟಿಯಲ್ಲಿ ‘ಯೂರಿನ್ ಎಸಿಆರ್’ ಅಂತ ಬರೆದುಕೊಂಡು ಹೋಗಿ.