ಸಂಪಾದಕರ ಉತ್ತರ: ಯಾರೂ ಕೇಳದ ಭಾಷೆಯನ್ನು ಏಕೆ ಓದಬೇಕು?

ಪ್ರಿಯ ಓದುಗರೇ,

ಕಂಪ್ಯೂಟರ್ ಸೈನ್ಸ್ ಪದವಿಯ ಮೂರನೆಯ ವರ್ಷದಲ್ಲಿರುವ ನೀವು, ಪೈಥಾನ್ ಮತ್ತು ಜಾವಾ ಚೆನ್ನಾಗಿ ಬರುತ್ತಿರುವಾಗ ‘ಪ್ರೋಗ್ರಾಮಿಂಗ್ ಭಾಷೆಗಳು’ ಎಂಬ ವಿಷಯದ ಹೆಸರಿನಲ್ಲಿ ಒಂದಿಡೀ ಸೆಮಿಸ್ಟರ್ ಸ್ಕೀಮ್ ಎಂಬ ಭಾಷೆಯನ್ನು ಕಲಿಸುವುದೇಕೆ, ಆ ಅವಧಿಯಲ್ಲಿ ಕಂಪನಿಗಳು ಕೇಳುವ ಇನ್ನೊಂದು ಭಾಷೆಯನ್ನು ಕಲಿಸಬಾರದೇ ಎಂದು ಬರೆದಿದ್ದೀರಿ.

ಎರಡು ಭಾಷೆ ಬಲ್ಲವರು ಮೂರನೆಯದರ ಬರವಣಿಗೆಯ ನಿಯಮಗಳನ್ನು ತಾವಾಗಿಯೇ ಕಲಿಯಬಲ್ಲರು. ಅದಕ್ಕೆ ತರಗತಿ ಬೇಕಿಲ್ಲ. ಬರೆದ ಸಾಲಿಗೆ ಆ ಅರ್ಥವೇ ಏಕೆ ಬಂತು ಎಂದು ವಿಚಾರಿಸುವ ಅಭ್ಯಾಸ ಮಾತ್ರ ತಾನಾಗಿ ಬರುವುದು ಕಷ್ಟ. ನಿಮ್ಮ ಪೈಥಾನನ್ನೇ ತೆಗೆದುಕೊಳ್ಳಿ. 0, 1, 2 ಎಂದು ಸಾಗುವ ಲೂಪಿನಲ್ಲಿ ಪ್ರತಿ ಸುತ್ತಿಗೂ, ಲೂಪಿನ ವೇರಿಯಬಲ್ಲನ್ನು ಹಿಂದಿರುಗಿಸುವ ಒಂದು ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್) ಬರೆದು ಪಟ್ಟಿಗೆ ಸೇರಿಸಿ. ಲೂಪ್ ಮುಗಿದ ಮೇಲೆ ಆ ಮೂರು ಫಂಕ್ಷನ್‌ಗಳನ್ನು ಕರೆದರೆ ಮೂರೂ 2 ಎಂದೇ ಹೇಳುತ್ತವೆ. ಅವು ಹಿಡಿದಿಟ್ಟುಕೊಂಡಿರುವುದು ಆ ಗಳಿಗೆಯ ಬೆಲೆಯನ್ನಲ್ಲ, ವೇರಿಯಬಲ್ಲನ್ನೇ. ಆ ವೇರಿಯಬಲ್ ಇಡೀ ಲೂಪಿಗೆ ಒಂದೇ. ಜಾವಾಸ್ಕ್ರಿಪ್ಟಿಗೆ 2015ರಲ್ಲಿ ಬಂದ ‘ಲೆಟ್’ ಪ್ರತಿ ಸುತ್ತಿಗೂ ಹೊಸ ವೇರಿಯಬಲ್ ಕೊಡುವುದರಿಂದ, ಅಲ್ಲಿ ಇದೇ ಲೂಪ್ 0, 1, 2 ಎನ್ನುತ್ತದೆ. ಭಾಷೆಯನ್ನು ರೂಪಿಸಿದವರ ಒಂದು ತೀರ್ಮಾನ ಇಲ್ಲಿ ಉತ್ತರವನ್ನೇ ಬದಲಿಸಿದೆ.

ಇಂಥ ತೀರ್ಮಾನಗಳನ್ನು ಸ್ವತಃ ತೆಗೆದುಕೊಂಡು ನೋಡಲು ಸ್ಕೀಮ್ ಬಹಳ ಅನುಕೂಲ. ಸಸ್‌ಮನ್ ಮತ್ತು ಸ್ಟೀಲ್ 1975ರಲ್ಲಿ ರೂಪಿಸಿದ ಈ ಭಾಷೆಯ ತಿರುಳು ಎಷ್ಟು ಚಿಕ್ಕದೆಂದರೆ, ಅದಕ್ಕೊಂದು ಇಂಟರ್‌ಪ್ರಿಟರನ್ನು, ಅಂದರೆ ಆ ಭಾಷೆಯಲ್ಲಿ ಬರೆದದ್ದನ್ನು ಓದಿ ನಡೆಸುವ ಪ್ರೋಗ್ರಾಮನ್ನು, ವಿದ್ಯಾರ್ಥಿಯೇ ಬರೆದು ಮುಗಿಸಬಹುದು. ಹಾಗೆ ಬರೆಯುವಾಗ, ಫಂಕ್ಷನ್ ಎಂದರೆ ಕೋಡ್ ಮಾತ್ರವಲ್ಲ, ಅದು ಹುಟ್ಟಿದ ಜಾಗದಲ್ಲಿದ್ದ ಹೆಸರುಗಳ ಕೋಷ್ಟಕವೂ ಅದರೊಂದಿಗೆ ಇರಬೇಕು ಎಂಬುದು ಕೈಯಾರೆ ಮಾಡಿ ತಿಳಿದಂತಾಗುತ್ತದೆ. ಮೇಲಿನ ಒಗಟು ಅಲ್ಲಿಗೆ ಬಿಡಿಸಿದಂತೆಯೇ.

ಬೇಡಿಕೆಯ ಮಾತಿಗೂ ಉತ್ತರ ಇಲ್ಲಿಯೇ ಇದೆ. ಬಳಸದ ಮೆಮೊರಿಯನ್ನು ತಾನೇ ಮರಳಿ ಪಡೆಯುವ ಗಾರ್ಬೇಜ್ ಕಲೆಕ್ಷನ್, ಮೆಕಾರ್ಥಿಯವರು 1958ರಲ್ಲಿ ಆರಂಭಿಸಿದ, ಸ್ಕೀಮ್‌ಗೆ ಮೂಲವಾದ ಲಿಸ್ಪ್ ಭಾಷೆಯ ಕೆಲಸದಿಂದ ಬಂದದ್ದು. ಜಾವಾಕ್ಕೆ ಲ್ಯಾಂಬ್ಡಾ ಸೇರಿದ್ದು 2014ರಲ್ಲಿ. ಇಂದು ಉದ್ಯೋಗದ ಜಾಹೀರಾತಿನಲ್ಲಿ ಕಾಣುವ ಎಷ್ಟೋ ಸೌಲಭ್ಯಗಳು, ಯಾರೂ ಕೇಳುವುದಿಲ್ಲವೆಂದು ನೀವು ಹೇಳುವ ಆ ಬಳಗದಲ್ಲಿ ಮೊದಲೇ ಇದ್ದವು.

ಆದರೆ ನಿಮ್ಮ ಅಸಮಾಧಾನದಲ್ಲಿ ನ್ಯಾಯವಿರುವ ಕಡೆಯೂ ಒಂದಿದೆ. ವಾರಕ್ಕೊಂದು ಭಾಷೆಯ ಪರಿಚಯ ಮಾಡಿಸಿ, ಪರೀಕ್ಷೆಯಲ್ಲಿ ಅವುಗಳ ಇಸವಿ ಮತ್ತು ಲಕ್ಷಣಗಳನ್ನು ಕೇಳುವುದಾದರೆ ಅದು ಬರೀ ಬಾಯಿಪಾಠ. ಅದರಿಂದ ಯಾರಿಗೂ ಉಪಯೋಗವಿಲ್ಲವೆಂದು ನಾನೂ ನಂಬಿದ್ದೇನೆ. ನಿಮ್ಮ ತರಗತಿಯಲ್ಲಿ ಇಂಟರ್‌ಪ್ರಿಟರ್ ಬರೆಸದಿದ್ದರೆ ಪೈಥಾನಿನಲ್ಲಿ ನೀವೇ ಬರೆಯಿರಿ: ಮೊದಲು ಕೂಡುವುದು ಕಳೆಯುವುದು, ಆಮೇಲೆ ವೇರಿಯಬಲ್, ಕೊನೆಗೆ ಫಂಕ್ಷನ್. ಫಂಕ್ಷನ್ ತನ್ನೊಳಗಿಲ್ಲದ ಹೆಸರನ್ನು ತಾನು ಹುಟ್ಟಿದ ಜಾಗದಲ್ಲಿ ಹುಡುಕಬೇಕೋ, ತನ್ನನ್ನು ಕರೆದ ಜಾಗದಲ್ಲಿ ಹುಡುಕಬೇಕೋ ಎಂಬ ಪ್ರಶ್ನೆ ಆಗ ತಾನಾಗಿ ಎದುರಾಗುತ್ತದೆ. ಮೊದಲನೆಯದು ಸ್ಕೀಮ್‌ನ ದಾರಿ, ಎರಡನೆಯದು ಹಳೆಯ ಲಿಸ್ಪ್‌ನದು. ಎರಡನ್ನೂ ಅಳವಡಿಸಿ, ಅವು ಬೇರೆ ಬೇರೆ ಉತ್ತರ ಕೊಡುವಂಥ ಪುಟ್ಟ ಪ್ರೋಗ್ರಾಂ ಒಂದನ್ನು ಬರೆದು ನಮಗೆ ಕಳುಹಿಸಿ, ಸಂತೋಷದಿಂದ ಪ್ರಕಟಿಸುತ್ತೇವೆ.

— ಸಂಪಾದಕ